ಏಳು ಸೀಸನ್ನಿನ ಪಾಲಾಕ್ಷ

ಪಾಲಾಕ್ಷ ಕೂತಿದ್ದಾಗಲೂ ಅವನ ಬಲಗಾಲು ಕೂತಿರುತ್ತಿರಲಿಲ್ಲ. ಚಳ್ಳಕೆರೆಯ ಬಸ್ ನಿಲ್ದಾಣದ ಎದುರಿನ ಹೋಟೆಲಿನ ಉದ್ದನೆಯ ಬೆಂಚಿನಲ್ಲಿ ಅವನ ಪಕ್ಕ ಕೂತು ಟೀ ಕುಡಿಯುವುದೆಂದರೆ ಉಳ್ಳಾರ್ತಿ ಕಾವಲಿನ ಕಲ್ಲುಹಾದಿಯಲ್ಲಿ ಹೋಗುವ ಟ್ರ್ಯಾಕ್ಟರಿನ ಮೇಲೆ ಕೂತು ಕುಡಿದ ಹಾಗೆ. ಗ್ಲಾಸಿನ ಅಂಚಿನಿಂದ ಅಂಚಿಗೆ ಸಣ್ಣ ಅಲೆಗಳು ಏಳುತ್ತಿದ್ದವು. ಬೆಂಚಿನ ಆ ತುದಿಯಲ್ಲಿ ಪತ್ರಿಕೆ ಓದುತ್ತಿದ್ದ ಯಾರೋ ಹಿರಿಯರು ಕನ್ನಡಕ ಸರಿಮಾಡಿಕೊಂಡು, ಅಕ್ಷರಗಳು ಅಲುಗುತ್ತಿರುವುದು ತಮ್ಮ ವಯಸ್ಸಿನ ದೆಸೆಯಿಂದಲೇ ಇರಬೇಕೆಂದು ಖಿನ್ನರಾಗುವಷ್ಟರ ಮಟ್ಟಿಗೆ ಆ ಕಾಲು ತನ್ನ ಕಾಯಕದಲ್ಲಿ ತಲ್ಲೀನವಾಗಿರುತ್ತಿತ್ತು. ಹಿಮ್ಮಡಿ ನೆಲದಲ್ಲಿ, ಮುಂಗಾಲು ಗಾಳಿಯಲ್ಲಿ. ಒತ್ತು, ಬಿಡು, ಒತ್ತು, ಬಿಡು. ನಮ್ಮ ಕಾಲ್ಚೆಂಡಿನ ತಂಡದಲ್ಲಿ ಹಿಂಬದಿ ಕಾಯುತ್ತಿದ್ದ ಬೋರಣ್ಣನಿಗೆ ಮಾತ್ರ ಇದು ಸಹ್ಯವಾಗುತ್ತಿರಲಿಲ್ಲ.

“ಲೇ ಪಾಲಾಕ್ಷ, ಆ ಕಾಲಿಗೊಂದು ಬ್ಯಾರೆ ಟೀ ಹೇಳ್ಲೇನು? ಪಾಪ, ಅದೂ ದುಡೀತೈತೆ.”

“ಅದುಕ್ಕೆ ಟೀ ಆಗಲ್ಲ ಬೋರಣ್ಣ. ಅದು ಮಗ್ಗದ್ದು,” ಎನ್ನುತ್ತಿದ್ದ ಪಾಲಾಕ್ಷ. ಕಾಲನ್ನು ಮಾತ್ರ ನಿಲ್ಲಿಸುತ್ತಿರಲಿಲ್ಲ.

ಅದು ನಿಜಕ್ಕೂ ಮಗ್ಗದ ಕಾಲೇ. ಮೊಳಕಾಲ್ಮೂರಿನ ಅವನ ಮನೆಯ ನಡುಕೋಣೆಯಲ್ಲಿ ಗುಂಡಿಮಗ್ಗವಿತ್ತು. ಹುಡುಗನಿಗೆ ತುಳಿಯುವ ಹಲಗೆ ಎಟುಕುವಷ್ಟು ಕಾಲು ಉದ್ದವಾದ ದಿನವೇ ಅವನನ್ನು ಆ ಗುಂಡಿಯೊಳಗೆ ಕಾಲು ಇಳಿಬಿಟ್ಟು ಕೂರಿಸಿದ್ದರು. ಸೆರಗಿನಲ್ಲಿ ಬುಟ್ಟಾ ಏಳಬೇಕಾದರೆ ಭಾರದ ಹಲಗೆಯೊಂದನ್ನು ಬಲಗಾಲಿನಿಂದ ತುಳಿಯಬೇಕು. ಮೇಲೆ ಬೆಳಕಿನಲ್ಲಿ ರೇಷ್ಮೆಯ ನವಿಲು ನಯವಾಗಿ ಕತ್ತೆತ್ತುತ್ತಿರುವಾಗ ಕೆಳಗೆ ಕತ್ತಲೆಯಲ್ಲಿ ಒಂದು ಕಾಲು ಎತ್ತಿನಂತೆ ದುಡಿಯುತ್ತಿರುತ್ತದೆ. ದಿನವಿಡೀ ಹಾಗೆ ದುಡಿದು ಸಂಜೆ ಗುಂಡಿಯಿಂದ ಹೊರಬಂದ ಕಾಲಿಗೆ ಶಾಲೆಯ ಬಯಲಿನಲ್ಲಿ ಸಿಕ್ಕ ಚೆಂಡು ತೀರ ಹಗುರವೆನಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಅವನು ಓಡುವ ರೀತಿಯೂ ವಿಚಿತ್ರವಾಗಿತ್ತು: ಸೊಂಟದ ಕೆಳಗೆ ಬಿರುಗಾಳಿ, ಸೊಂಟದ ಮೇಲೆ ಮಗ್ಗದ ಮುಂದೆ ಕೂತ ಮನುಷ್ಯ. ಭುಜ ಅಲುಗುತ್ತಿರಲಿಲ್ಲ, ಕತ್ತು ಮುಂದಕ್ಕೆ ಬಾಗಿರುತ್ತಿತ್ತು, ಬಲಗೈ ಆಗಾಗ ಲಾಳಿಯ ದಾರ ಎಳೆಯುವ ಹಾಗೆ ಗಾಳಿಯನ್ನು ಎಳೆಯುತ್ತಿತ್ತು. ಎದುರಾಳಿಗಳು ಆ ಕೈಯನ್ನು ನೋಡುತ್ತ ನಿಂತಿದ್ದಾಗ ಚೆಂಡು ಅವರ ಬಲೆ ಸೇರಿರುತ್ತಿತ್ತು.

ಅವನ ಇನ್ನೊಂದು ಹಟ ಬೂಟಿನ ಲೇಸಿನದು. ಅದು ಹರಿದರೆ ಹೊಸದನ್ನು ಕೊಳ್ಳುತ್ತಿರಲಿಲ್ಲ, ಗಂಟೂ ಹಾಕುತ್ತಿರಲಿಲ್ಲ. ನೇಕಾರರ ಮನೆಯಲ್ಲಿ ಮಗ್ಗಕ್ಕೆ ಉದ್ದಕ್ಕೆ ಹೂಡಿದ ಒಂದು ಹಾಸು ನೇಯ್ದು ಮುಗಿದಾಗ ಹಳೆಯ ಎಳೆಗಳ ತುದಿಯನ್ನು ಮಗ್ಗದಲ್ಲೇ ಉಳಿಸಿ, ಹೊಸ ಹಾಸಿನ ಒಂದೊಂದು ಎಳೆಯನ್ನೂ ಅದಕ್ಕೆ ಬೆರಳಿನಲ್ಲಿ ಹೊಸೆದು ಕೂಡಿಸುತ್ತಾರೆ. ಅದಕ್ಕೆ ಅವರು ಕೆಚ್ಚುವುದು ಎನ್ನುತ್ತಾರೆ. ಪಾಲಾಕ್ಷ ಎಳೆ ಜಾರದಂತೆ ಬೂದಿ ಮುಟ್ಟಿದ ಬೆರಳಿನಿಂದ ಲೇಸನ್ನೂ ಹಾಗೆಯೇ ಕೆಚ್ಚುತ್ತಿದ್ದ. ಅವನ ಬೂಟಿನಲ್ಲಿದ್ದ ಲೇಸಿನಲ್ಲಿ ಯಾವ ಭಾಗ ಯಾವ ವರ್ಷದ್ದೆಂದು ಹೇಳುವುದು ಅಸಾಧ್ಯವಾಗಿತ್ತು.

ಇನ್ನು ನನ್ನ ವಿಷಯ. ಅದು ಬೇಗ ಮುಗಿಯುವಂಥದ್ದು. ಪಾಲಾಕ್ಷ ಯಾರ ಪರವಾಗಿ ಆಡುತ್ತಿದ್ದನೋ ಆ ಎಣ್ಣೆ ಮಿಲ್ಲಿನಲ್ಲಿ ನಾನು ತೂಕದ ಗುಮಾಸ್ತ. ಆ ಮಿಲ್ಲಿನಲ್ಲಿ ಆಟ ಬಲ್ಲವರಿಗೆ ಮಾತ್ರ ಕೆಲಸವೆಂದು ಕೇಳಿ, ಓಡಬೇಕಾಗಿಲ್ಲದ ಒಂದೇ ಜಾಗವನ್ನು ಯೋಚಿಸಿ ಹುಡುಕಿ, ನಾನು ಗೋಲ್‌ಕೀಪರ್ ಎಂದು ಹೇಳಿಕೊಂಡಿದ್ದೆ. ಮೊದಲ ಸಂಜೆಯ ಅಭ್ಯಾಸ ನೋಡಿದ ಮಾಲೀಕರು, “ನಿಂಗೆ ತಕ್ಕಡಿ ಹಿಡಿಯಾಕಾದ್ರೂ ಬರ್ತದೇನೋ?” ಎಂದು ಕೇಳಿದರು. ಹೀಗೆ ನಾನು ಬದಲಿ ಗೋಲ್‌ಕೀಪರನೂ ದಿನಗೂಲಿ ಗುಮಾಸ್ತನೂ ಆದೆ. ಅಸಲಿ ಗೋಲ್‌ಕೀಪರನಿಗೆ ಜ್ವರ ಬರಲೆಂದು ಬೇರೆಯವರು ಹರಸಿಕೊಳ್ಳುತ್ತಾರೇನೋ; ಬರದಿರಲೆಂದು ಹರಕೆ ಹೊತ್ತವನು ನಾನು. ನನಗೂ ಮಿಲ್ಲಿಗೂ ಇದ್ದ ಒಪ್ಪಂದ ಪ್ರತಿ ಸಂಜೆ ಮುಗಿದು ಪ್ರತಿ ಬೆಳಿಗ್ಗೆ ಹೊಸದಾಗಿ ಹುಟ್ಟುತ್ತಿತ್ತು. ಆದ್ದರಿಂದ ದೀರ್ಘ ಒಪ್ಪಂದದ ಮನುಷ್ಯನೊಬ್ಬನನ್ನು ಹತ್ತಿರದಿಂದ ನೋಡುವ ಕುತೂಹಲ ನನ್ನಲ್ಲಿ ಬೇರೆಯವರಿಗಿಂತ ಹೆಚ್ಚಿದ್ದರೆ ಅದನ್ನು ಅಸೂಯೆಯೆಂದು ಕರೆದರೂ ತಪ್ಪಿಲ್ಲ.

ಮಾಲೀಕರಾದ ಮರುಳಪ್ಪನವರು ಶೇಂಗಾ ವ್ಯಾಪಾರದಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಬೆಳೆ ಇನ್ನೂ ಹೊಲದಲ್ಲಿರುವಾಗಲೇ ಬದುವಿನ ಮೇಲೆ ನಡೆದು, ಎಲೆಯ ಬಣ್ಣ ನೋಡಿ, ಮಣ್ಣಿನೊಳಗಿರುವ ಕಾಯಿಗೆ ಬೆಲೆ ಮಾತಾಡುವುದು ಅವರ ವಿದ್ಯೆ. ಅಗೆದಾಗ ಕಾಯಿ ಜೊಳ್ಳಾಗಿದ್ದರೂ ಮಾತು ತಪ್ಪಿದವರಲ್ಲವೆಂಬುದು ಅವರ ಹೆಮ್ಮೆ. ಕಾಲ್ಚೆಂಡಿನ ಹುಚ್ಚು ಅವರಿಗೆ ಹೇಗೆ ಹತ್ತಿತೋ ಯಾರೂ ಅರಿಯರು. ಒಂದು ವರ್ಷವಿಡೀ ಮೊಟ್ಟೆ ತಿನ್ನಿಸಿ ಸಾಕಿದ ಮುಂಪಡೆಯ ಆಟಗಾರನೊಬ್ಬ ಸೆಮಿಫೈನಲ್ಲಿನ ಹಿಂದಿನ ದಿನ ಬಳ್ಳಾರಿಯ ತಂಡಕ್ಕೆ ಹಾರಿಹೋಗಿ, ಮರುಳಪ್ಪನವರೇ ಕೊಡಿಸಿದ್ದ ಕಾಲುಚೀಲ ತೊಟ್ಟು ಅವರಿಗೇ ಗೋಲು ಹೊಡೆದ ಮೇಲೆ ಅವರು ಒಂದು ವಾರ ಸರಿಯಾಗಿ ಊಟ ಮಾಡಲಿಲ್ಲವಂತೆ. ಹೊರದೇಶದ ದೊಡ್ಡ ಕ್ಲಬ್ಬುಗಳು ಆಟಗಾರರನ್ನು ಐದು, ಆರು ವರ್ಷಕ್ಕೆ ಕಟ್ಟಿಹಾಕುತ್ತವೆಂದು ಟೀವಿಯಲ್ಲಿ ಕೇಳಿದ್ದು ಅದೇ ವಾರ. ಮೊಳಕಾಲ್ಮೂರಿನ ಹುಡುಗನನ್ನು ಕರೆಸಿ ಏಳು ಸೀಸನ್ನಿಗೆ ಮಾತಾಡಿದರು. ಅದು ತೊಂಬತ್ತೇಳರ ಕೊನೆ, ಪಾಲಾಕ್ಷನಿಗೆ ಇಪ್ಪತ್ತೆರಡು.

“ಸಾವ್ಕಾರ್ರೆ, ಎತ್ತನ್ನೂ ಅಷ್ಟು ದಿನಕ್ಕೆ ಯಾರೂ ಮಾತಾಡಲ್ಲ,” ಎಂದನಂತೆ ಬೋರಣ್ಣ.

“ಎತ್ತು ಬಳ್ಳಾರಿಗೆ ಓಡಿಹೋಗಲ್ಲ ಕಣೋ,” ಎಂದರಂತೆ ಮರುಳಪ್ಪನವರು.

ಛಾಪಾ ಕಾಗದದ ಮೇಲೆ ಟೈಪಾದ ಆ ಕರಾರಿನ ಮಾತುಗಳು ತಂಡದಲ್ಲಿ ಎಲ್ಲರಿಗೂ ಬಾಯಿಪಾಠವಾಗಿದ್ದವು: ಸದರಿ ಆಟಗಾರನು ಏಳು ಸೀಸನ್ ಪರ್ಯಂತ ಸದರಿ ಮಿಲ್ಲಿನ ಪರವಾಗಿ ಮಾತ್ರ ಆಡತಕ್ಕದ್ದು, ಸದರಿ ಮಿಲ್ಲಿನವರು ಏಳು ಸೀಸನ್ ಪರ್ಯಂತ ಸದರಿಯವನಿಗೆ ಕೂಲಿ, ವಸತಿ, ಎಣ್ಣೆ ಒದಗಿಸತಕ್ಕದ್ದು. ಸೀಸನ್ ಎಂದರೆ ಏನೆಂದು ಅದರಲ್ಲಿ ಬರೆದಿರಲಿಲ್ಲ. ಆ ಕೋಣೆಯಲ್ಲಿದ್ದ ಪ್ರತಿಯೊಬ್ಬನಿಗೂ ಅದರ ಅರ್ಥ ಗೊತ್ತಿದ್ದದ್ದರಿಂದ ಯಾರೂ ಯಾರನ್ನೂ ಕೇಳಲಿಲ್ಲ.

ನಾನು ಕಣ್ಣಾರೆ ಕಂಡದ್ದು ಎರಡು ಸಾವಿರದ ಇಸವಿಯ ಮಾಘಮಾಸ ಕಳೆದ ಮೇಲಿನದು. ಅದಕ್ಕೆ ಸ್ವಲ್ಪ ಮುಂಚೆ ರಾಂಪುರದ ಪಂದ್ಯಾವಳಿಯಲ್ಲಿ ಪಾಲಾಕ್ಷ ಆಡಿದ ಆಟವನ್ನು ಬೆಂಗಳೂರಿನ ದೊಡ್ಡ ಕ್ಲಬ್ಬೊಂದರ ಮನುಷ್ಯ ನೋಡಿದ್ದ. ಬಿಳಿ ಟೋಪಿಯ ಆ ಮನುಷ್ಯ ಆಟ ಮುಗಿದ ಮೇಲೆ ಇವನ ಬಳಿಗೆ ಬಂದು, ಮೊದಲು ಕಾಲನ್ನೂ ಆಮೇಲೆ ಮುಖವನ್ನೂ ನೋಡಿ, ಎರಡು ವರ್ಷಕ್ಕೆ ಬರುತ್ತೀಯಾ, ದೇಶದ ಲೀಗಿನಲ್ಲಿ ಆಡಿಸುತ್ತೇವೆ, ಆದರೆ ಈಗಿನವರಿಂದ ಬಿಡುಗಡೆಯಾಗಿರಬೇಕು ಎಂದಿದ್ದ. ಪಾಲಾಕ್ಷ ನಕ್ಕು, ಆಗೇ ಹೋಯಿತು ಎಂದಿದ್ದ. ಅವನ ಲೆಕ್ಕದಲ್ಲಿ ಆಗಿಯೇ ಹೋಗಿತ್ತು.

ಒಂದು ಬೆಳಿಗ್ಗೆ ಇಸ್ತ್ರಿಯ ಅಂಗಿ ತೊಟ್ಟು, ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ತೆಂಗಿನಕಾಯಿ ಇಟ್ಟುಕೊಂಡು ಮಿಲ್ಲಿಗೆ ಬಂದ. ಹಿಡಿದ ಹಾಸು ನೇಯ್ದು ಮುಗಿಸಿದ ನೇಕಾರ ಮಾಲೀಕನ ಮನೆಗೆ ಎಲೆ ಅಡಿಕೆ ಒಯ್ಯುವುದು ಅವರ ಕಡೆಯ ಪದ್ಧತಿ. ಆಗ ಮಾಲೀಕ ಇನ್ನೊಂದು ಹಾಸು ಕೆಚ್ಚು ಎನ್ನಬೇಕು, ಇಲ್ಲವೇ ಹೋಗಿ ಬಾ ಎನ್ನಬೇಕು. ತಕ್ಕಡಿಯ ಬಳಿ ಕೂತಿದ್ದ ಮರುಳಪ್ಪನವರು ತಟ್ಟೆ ನೋಡಿ ಅರಳಿದರು.

“ಯಾರ ಮದ್ವೆನೋ? ನಿಂದೇನೋ?”

“ಮದ್ವೆ ಅಲ್ರಿ. ಏಳೂ ಮುಗುದ್ವಲ್ಲ, ಹೇಳಿ ಹೋಗಾನ ಅಂತ ಬಂದೆ.”

“ಏನೇಳು?”

“ಸೀಸನ್ನು.”

ಮರುಳಪ್ಪನವರು ನನ್ನ ಮುಖ ನೋಡಿದರು. ಸಂದೇಹ ಬಂದಾಗ ಗುಮಾಸ್ತನ ಮುಖ ನೋಡುವುದು ಮಾಲೀಕರ ಅಭ್ಯಾಸ. ಅಲ್ಲಿ ಏನೂ ಇರುವುದಿಲ್ಲವೆಂದು ಅವರಿಗೂ ಗೊತ್ತು.

“ಮೂರನೇದು ನಡೀತೈತೆ ಕಣೋ ಈಗ,” ಎಂದರು.

“ಹೆಂಗ್ರಿ? ಮಾಘದ್ದು, ವೈಶಾಖದ್ದು, ಶ್ರಾವಣದ್ದು. ವರ್ಷಕ್ಕೆ ಮೂರು. ಎರಡು ವರ್ಷಕ್ಕೆ ಆರಾತು. ಈ ಮಾಘದ್ದು ಏಳು.”

ಪಾಲಾಕ್ಷನ ಸೀಸನ್ ಸೀರೆಯ ಸೀಸನ್ನು. ಮದುವೆಯ ಲಗ್ನಗಳು ಬಂದಾಗ ಮೊಳಕಾಲ್ಮೂರಿನ ಮಗ್ಗಗಳಿಗೆ ಪುರುಸೊತ್ತಿರುವುದಿಲ್ಲ. ಹುಟ್ಟಿದಂದಿನಿಂದ ಅವನು ಕೇಳಿದ್ದ ಸೀಸನ್ ಅದೊಂದೇ. ಮರುಳಪ್ಪನವರಿಗೂ ಹುಟ್ಟಿದಂದಿನಿಂದ ಒಂದೇ ಸೀಸನ್. ಅವರು ಪಕ್ಕದಲ್ಲಿದ್ದ ಚೀಲದಿಂದ ಒಂದು ಹಿಡಿ ಶೇಂಗಾ ತೆಗೆದು ಅವನ ತಟ್ಟೆಯ ಎಲೆಗಳ ಮೇಲೆ ಮೆಲ್ಲಗೆ ಸುರಿದರು.

“ಇದ್ರ ಸೀಸನ್ನಪ್ಪ. ನಿಮಗೆ ವರ್ಷಕ್ಕೆ ಮೂರು. ನಮಗೆ ದೇವ್ರು ಒಂದೇ ಕೊಟ್ಟಿರೋದು.”

ಇಬ್ಬರಲ್ಲಿ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಮೋಸವಿದ್ದಿದ್ದರೆ ಜಗಳವಾಗುತ್ತಿತ್ತು, ಜಗಳವಾಗಿದ್ದರೆ ಒಂದು ಕೊನೆ ಕಾಣುತ್ತಿತ್ತು. ಪಾಲಾಕ್ಷ ತಟ್ಟೆ ಹಿಡಿದು ನಿಂತೇ ಇದ್ದ. ಬಲಗಾಲು ಮಾತ್ರ ಚಪ್ಪಲಿಯೊಳಗೆ ಒತ್ತುತ್ತ ಬಿಡುತ್ತ ಇತ್ತು. ಬೆಂಗಳೂರಿನ ಮಾತು ಹೇಳಿದ. ಮರುಳಪ್ಪನವರ ಮುಖದಲ್ಲಿ ಆ ಹಳೆಯ ಕಾಲುಚೀಲದ ನೆನಪು ಹಾದುಹೋದದ್ದನ್ನು ನಾನು ಕಂಡೆ. “ಇನ್ನೂ ನಾಕೈತೆ. ಮುಗಿಸಿ ಹೋಗು, ನಾನೇ ಬಸ್ಸು ಹತ್ತಿಸ್ತೀನಿ,” ಎಂದರು. ಆಟಗಾರನಿಗೆ ಇಪ್ಪತ್ತೈದಕ್ಕೂ ಇಪ್ಪತ್ತೊಂಬತ್ತಕ್ಕೂ ಇರುವ ಅಂತರ ಶೇಂಗಾಕ್ಕೂ ಹಿಂಡಿಗೂ ಇರುವಷ್ಟೇ ಎಂಬುದು ಎಣ್ಣೆ ಮಿಲ್ಲಿನ ಮಾಲೀಕರಿಗೆ ತಿಳಿಯದ್ದೇನಲ್ಲ.

ಪಾಲಾಕ್ಷ ಒಮ್ಮೆ ಹೇಳದೆ ಕೇಳದೆ ಬೆಂಗಳೂರಿಗೆ ಹೋದ. ಒಂದು ದಿನ ಅಲ್ಲಿನ ಹಸಿರು ಮೈದಾನದಲ್ಲಿ ಅಭ್ಯಾಸವನ್ನೂ ಮಾಡಿದ. ಕ್ಲಬ್ಬಿನ ಆಫೀಸಿನವರು ಬಿಡುಗಡೆಯ ಪತ್ರ ಕೇಳಿದಾಗ ಬಸ್ಸು ಹತ್ತಿ ಹಿಂದಿರುಗಿ, ಮರುದಿನ ಸಂಜೆ ಎಂದಿನಂತೆ ನಮ್ಮ ಕೆಂಪು ಮಣ್ಣಿನ ಬಯಲಿನಲ್ಲಿ ಹಳದಿ ಜೆರ್ಸಿ ತೊಟ್ಟು ನಿಂತಿದ್ದ. ಆ ಜೆರ್ಸಿಯ ಬೆನ್ನ ಮೇಲೆ ‘ಶುದ್ಧ ಶೇಂಗಾ ಎಣ್ಣೆಯನ್ನೇ ಕೇಳಿ ಪಡೆಯಿರಿ’ ಎಂದಿತ್ತು.

“ಹೆಂಗಿತ್ತಲೇ ಅಲ್ಲಿ?” ಎಂದು ಕೇಳಿದ ಬೋರಣ್ಣ.

“ಹುಲ್ಲು,” ಎಂದ ಪಾಲಾಕ್ಷ. ಬಗ್ಗಿ ಲೇಸು ಬಿಗಿಯುತ್ತ, “ಬಿದ್ರೂ ನೋಯಲ್ಲ,” ಎಂದ.

ಮರುಳಪ್ಪನವರಿಗೆ ಎಲ್ಲ ಗೊತ್ತಾಗಿತ್ತು. ಗೊತ್ತಿಲ್ಲದಂತೆ ಅವನಿಗೆ ಹೊಸ ಬೂಟು ತರಿಸಿದರು. ಅವನು ಹಳೆಯ ಲೇಸನ್ನೇ ಹೊಸ ಬೂಟಿಗೆ ಪೋಣಿಸಿದ. ಆ ವರ್ಷ ಹೋಟೆಲಿನ ಬೆಂಚಿನಲ್ಲಿ ಅವನ ಕಾಲು ಎಷ್ಟು ಜೋರಾಯಿತೆಂದರೆ ನಾನು ಟೀಯನ್ನು ನಿಂತೇ ಕುಡಿಯುವುದನ್ನು ರೂಢಿಸಿಕೊಂಡೆ. ಮಾತಿನ ನಡುವೆ ಎದ್ದು ಹೋಗುತ್ತಿದ್ದ; ಬಸ್ ನಿಲ್ದಾಣದೊಳಗೆ ಒಂದು ಸುತ್ತು ಹಾಕಿ, ಬೆಂಗಳೂರಿನ ಬಸ್ಸುಗಳ ಫಲಕ ಓದಿ, ಬಂದು ಬಿಟ್ಟ ಮಾತನ್ನೇ ಮುಂದುವರಿಸುತ್ತಿದ್ದ. ಅಂಗಳದಲ್ಲಿ ಕಟ್ಟಿದ ಕುದುರೆ ಗೂಟವನ್ನು ಸುತ್ತುವುದನ್ನು ನೋಡಿದವರಿಗೆ ಅವನ ಆಗಿನ ಆಟದ ಸೊಬಗು ಅರ್ಥವಾದೀತು. ಗೋಲುಗಳು ಬರುತ್ತಿದ್ದವು. ಯಾವುದಕ್ಕೂ ಅವನು ಕೈಯೆತ್ತಿ ಸಂಭ್ರಮಿಸಲಿಲ್ಲ. ಚೆಂಡು ಬಲೆ ಸೇರಿದ ಕೂಡಲೇ ತಿರುಗಿ ಮೈದಾನದ ನಡುವಿಗೆ ಓಡುತ್ತಿದ್ದ, ಸೀಸನ್ನು ಬೇಗ ಮುಗಿಯಲಿ ಎಂಬಂತೆ.

ಐದನೆಯ ಸೀಸನ್ನಿನಲ್ಲಿ, ರಾಯದುರ್ಗದ ಪಂದ್ಯದಲ್ಲಿ, ಯಾರೂ ಅವನನ್ನು ಮುಟ್ಟಲಿಲ್ಲ. ಗಟ್ಟಿ ನೆಲದಲ್ಲಿ ಬಲಗಾಲು ಊರಿ ತಿರುಗಿದ. ಮೈ ತಿರುಗಿತು, ಕಾಲು ತಿರುಗಲಿಲ್ಲ. ನಾನು ನೀರಿನ ಕೊಡ ಹಿಡಿದು ಓಡಿದಾಗ ಅವನು ಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದು ಕೂತು, ನೋವಿಗಿಂತ ಹೆಚ್ಚಾಗಿ ಏನನ್ನೋ ಗುರುತು ಹಿಡಿದವನ ಮುಖದಲ್ಲಿ, “ಎಳೆ ಹರೀತು,” ಎಂದ. ನೇಕಾರನಿಗೆ ಆ ಸದ್ದು ಪರಿಚಿತವಷ್ಟೆ.

ದಾವಣಗೆರೆಯ ಆಸ್ಪತ್ರೆಗೆ ಮರುಳಪ್ಪನವರೇ ತಮ್ಮ ಅಂಬಾಸಿಡರಿನಲ್ಲಿ ಕರೆದೊಯ್ದರು. ಶಸ್ತ್ರಚಿಕಿತ್ಸೆ ಆಗುತ್ತದೆ, ನಡೆಯುತ್ತಾನೆ, ಆಟದ ಮಾತು ಹೇಳಲಾರೆವು ಎಂದರು ಅಲ್ಲಿ. ಹಿಂದಿರುಗುವ ದಾರಿಯಲ್ಲಿ, ಚಿತ್ರದುರ್ಗ ದಾಟಿದ ಮೇಲೆ, ಮರುಳಪ್ಪನವರು ಕಿಟಕಿಯ ಹೊರಗಿನ ಹೊಲಗಳನ್ನು ನೋಡುತ್ತ, ಯಾರಿಗೂ ಅಲ್ಲದೆ, “ಎಲೆ ಚೆನ್ನಾಗಿತ್ತಪ್ಪ,” ಎಂದರು. ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಮಲಗಿದ್ದ ಪಾಲಾಕ್ಷ ಅದಕ್ಕೆ ಸಣ್ಣಗೆ ನಕ್ಕ.

ಮುಂದಿನ ಎರಡು ವರ್ಷ ಮಳೆಯಿಲ್ಲದೆ ಶೇಂಗಾ ಬರಲಿಲ್ಲ. ಮಿಲ್ಲಿನ ಬಾಗಿಲಿಗೆ ಬೀಗ ಬಿತ್ತು. ಪ್ರತಿ ಸಂಜೆ ಮುಗಿಯುತ್ತಿದ್ದ ನನ್ನ ಒಪ್ಪಂದ ಒಂದು ಸಂಜೆ ಮುಗಿದದ್ದು ಬೆಳಿಗ್ಗೆ ಹುಟ್ಟಲೇ ಇಲ್ಲ. ಪಾಲಾಕ್ಷ ಕುಂಟುತ್ತ ಮರುಳಪ್ಪನವರಲ್ಲಿಗೆ ಹೋಗಿ, ಮಿಲ್ಲು ತಿರುಗದಿದ್ದರೂ ಸೀಸನ್ನು ಎರಡು ಕಳೆದವೆಂದು ಹಿಡಿಯಬಹುದಲ್ಲ, ಅಲ್ಲಿಗೆ ಏಳಾಯಿತಲ್ಲ ಎಂದು ಕೇಳಿದಾಗ ಅವರು ಹೇಳಿದ ಮಾತನ್ನು ನಾವೆಲ್ಲ ಕೇಳಿದ್ದೆವು: “ಮಿಲ್ಲು ತಿರುಗ್ಲಿಲ್ಲ ಅಂದ್ಮ್ಯಾಲೆ ಅದೆಂಥ ಸೀಸನ್ನೋ? ಅದು ಸೀಸನ್ನೇ ಅಲ್ಲ.” ಕೂಲಿಯೂ ಇಲ್ಲ, ಎಣಿಕೆಯೂ ಇಲ್ಲ. ಆ ಮಾತು ಮುಂದೆ ಯಾವ ಕಡೆಯಿಂದ ತಿರುಗಿ ಬರುವುದೆಂದು ಹೇಳಿದವರಿಗೂ ಕೇಳಿದವರಿಗೂ ತಿಳಿದಿರಲಿಲ್ಲ.

ಆ ದಿನಗಳಲ್ಲಿ ನಾನು ರಾಂಪುರದ ಗೊಬ್ಬರದ ಅಂಗಡಿಯೊಂದರಲ್ಲಿ ತೂಕಕ್ಕೆ ನಿಂತಿದ್ದೆ. ಒಂದು ಭಾನುವಾರ ಮೊಳಕಾಲ್ಮೂರಿಗೆ ಹೋದೆ. ಬಾಗಿಲಲ್ಲಿ ರಾಟೆ ಸುತ್ತುತ್ತಿದ್ದ, ತೆಲುಗು ಬೆರೆತ ಮಾತಿನ ಅವನ ತಾಯಿ ಯರ್ರಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ಅಳೆದಳು.

“ಏಮ್ರಾ, ಗೋಲು ಬಿಡಾ ಹುಡುಗ ನೀನೇನಾ?”

ಗೋಲನ್ನು ಹಿಡಿಯುವ ಹುಡುಗ ಎಂದು ತಿದ್ದಬೇಕೆನಿಸಿತು. ಆದರೆ ಬಿಡುವುದೇ ನಿಜವಾದ್ದರಿಂದ ಸುಮ್ಮನಾದೆ.

ಒಳಗೆ ಮಗ್ಗದ ಸದ್ದು ಬದಲಾಗಿತ್ತು. ಮೊದಲು ಒಂದೇ ಸಮನೆ ಬೀಳುತ್ತಿದ್ದ ಏಟು ಈಗ ಒಂದು ಉದ್ದ, ಒಂದು ಗಿಡ್ಡ. ಗುಂಡಿಯೊಳಗೆ ಬಗ್ಗಿ ನೋಡಿದೆ. ಭಾರದ ಹಲಗೆಯನ್ನು ಅವನು ಎಡಕ್ಕೆ ಸರಿಸಿ ಕಟ್ಟಿದ್ದ, ಎಡಗಾಲಿನಿಂದ ತುಳಿಯುತ್ತಿದ್ದ. ಬಲಗಾಲು ಪಕ್ಕದಲ್ಲಿ, ದೊಡ್ಡವರ ಕೆಲಸ ನೋಡುವ ಮಗುವಿನಂತೆ ತೆಪ್ಪಗೆ ಇಳಿಬಿದ್ದಿತ್ತು.

“ನೋಡಪ್ಪ, ಕಾಲು ಎಡದ್ದಾತು, ಬುದ್ಧಿ ಮಾತ್ರ ಬಲದ್ದೇ,” ಎಂದಳು ಯರ್ರಮ್ಮ. “ಅರ್ಧಕ್ಕೇ ಹಾಸು ಕೊಯ್ದು ಹೋಗ್ರಾ ಅಂದೆ ಅವತ್ತೇ. ಬೆಂಗ್ಳೂರಿಂದ ಹಿಂದಕ್ಕೆ ಬಂದ. ಯೆರ್ರಿವಾಡು, ಹುಚ್ಚ. ಈಗ ನೋಡು, ಇನ್ನೂ ಎರಡೈತೆ ಅಂತ ಕುಂತವ್ನೆ.”

“ಇನ್ನೂ ಎರಡೈತೆ ಅವ್ವ,” ಎಂದ ಒಳಗಿನಿಂದ ಪಾಲಾಕ್ಷ. ಏಟು ನಿಲ್ಲಲಿಲ್ಲ.

ಎರಡು ಸಾವಿರದ ನಾಲ್ಕರಲ್ಲಿ ಶೇಂಗಾ ಬಂತು, ಮಿಲ್ಲಿನ ಬೀಗ ತೆರೆಯಿತು, ತಕ್ಕಡಿಯ ಮುಂದೆ ನಾನೂ ಹಾಜರಾದೆ. ಆದರೆ ಮಾಲೀಕರ ಕುರ್ಚಿಯಲ್ಲಿ ಈಗ ಮಗ ಕಿರಣ್‌ಕುಮಾರ್. ಮರುಳಪ್ಪನವರಿಗೆ ಲಘುವಾಗಿ ಪಾರ್ಶ್ವವಾಯು ಬಡಿದು, ಅವರು ಮಿಲ್ಲಿನ ಜಗಲಿಯಲ್ಲಿ ಆರಾಮ ಕುರ್ಚಿಯಲ್ಲಿ ಕೂತು ಸರಿಯಾದ ಒಂದು ಕೈಯಲ್ಲಿ ಶೇಂಗಾ ಒಡೆಯುತ್ತಿದ್ದರು. ಕಿರಣ್‌ಕುಮಾರ್ ಕೆಟ್ಟವನಲ್ಲ, ಮೆಲ್ಲನೆ ಮಾತಾಡುವ, ಪ್ಯಾಕೆಟ್ ಎಣ್ಣೆಯ ಭವಿಷ್ಯವನ್ನು ಕಂಡಿದ್ದ ಹುಡುಗ. ಆ ಭವಿಷ್ಯದಲ್ಲಿ ಫುಟ್‌ಬಾಲ್ ತಂಡ ಇರಲಿಲ್ಲ. ತಂಡವಿಲ್ಲದಿದ್ದರೆ ಬದಲಿ ಗೋಲ್‌ಕೀಪರನಿಗೆ ತಕ್ಕಡಿಯೂ ಇಲ್ಲವೆಂಬುದು ಯಾರೂ ಹೇಳದೆ ನನಗೆ ತಿಳಿಯುತ್ತಿತ್ತು.

“ಪಾಲಾಕ್ಷ ಅವ್ರೆ, ಲೆಕ್ಕ ಸಿಂಪಲ್ಲು. ತೊಂಬತ್ತೇಳು, ಎರಡು ಸಾವಿರದ ನಾಕು. ಏಳು ಮುಗೀತು. ನೀವಿನ್ನು ಫ್ರೀ.”

ಒಂದು ಕಾಲದಲ್ಲಿ ಆ ಪದ ಕೇಳಲು ಅವನು ಏನನ್ನಾದರೂ ಕೊಡುತ್ತಿದ್ದ. ಈಗ ತಲೆ ಅಲ್ಲಾಡಿಸಿದ.

“ಐದೇ ಆಗಿರೋದ್ರಿ. ಇನ್ನೆರಡೈತೆ. ಮಿಲ್ಲು ತಿರುಗದ ಸೀಸನ್ನು ಸೀಸನ್ನೇ ಅಲ್ಲ ಅಂತ ನಿಮ್ಮಪ್ಪಾರೇ ಅಂದಿದ್ದು.”

“ಕೂಲಿಗೆ ಚಿಂತೆ ಮಾಡ್ಬ್ಯಾಡಿ, ಬೇರೆ ಕೆಲ್ಸ ಕೊಡಾಣ. ಆಡೋದು ಯಾಕೆ ಇನ್ನ?”

“ಕೂಲಿ ನಂಗೆ ಮಗ್ಗದಾಗೈತೆ. ಬೆಂಗ್ಳೂರಿಗೆ ಹೋಗ್ತೀನಿ ಅಂದಾಗ ಏಳು ಅಂದ್ರೆ ಏಳೇ ಆಗಿತ್ತಲ್ರಿ. ಈಗ ಐದು ಹೆಂಗಾತು?”

ಕೊನೆಗೆ ಇಬ್ಬರೂ ಜಗಲಿಗೆ ಹೋದರು. ನನಗೆ ಕರೆ ಇರಲಿಲ್ಲ. ತೂಕದ ಕಲ್ಲೊಂದನ್ನು ಕೈಯಲ್ಲಿ ಹಿಡಿದು, ಅದನ್ನು ಎಲ್ಲಿಗೋ ಒಯ್ಯುತ್ತಿರುವವನ ಹಾಗೆ ಹಿಂದೆ ಹೋಗಿ ನಿಂತೆ. ಮರುಳಪ್ಪನವರು ಎಲ್ಲವನ್ನೂ ಕೇಳಿಸಿಕೊಂಡು ಒಂದು ಕಾಯಿ ಒಡೆದರು. ಒಳಗೆ ಬೀಜ ಸುಕ್ಕಾಗಿತ್ತು. ಅದನ್ನೂ ಬಾಯಿಗೆ ಹಾಕಿಕೊಂಡರು.

“ನಾನೇ ಅಂದಿದ್ದು. ಆಡ್ಲಿ.”

“ಕಾಲಿಲ್ದೋನು ಏನಾಡ್ತಾನಪ್ಪ?”

“ಎಲೆ ನೋಡಿ ತಗಂಡಿದ್ದು ನಾನು. ಜೊಳ್ಳಾದ್ರೆ ಹೊಲದೋನಿಗೆ ಹಿಂದಕ್ಕೆ ಕೊಡ್ತಾರೇನೋ?” ಎಂದು, ಪಾಲಾಕ್ಷನ ಕಡೆ ನೋಡದೆಯೇ ಸೇರಿಸಿದರು: “ಜೊಳ್ಳು ಅಂದಿದ್ದು ಕಾಲಿಗೆ ಕಣಪ್ಪ. ನಿಂಗಲ್ಲ.”

ಹೀಗೆ ಒಬ್ಬ ಕುಂಟನ ಎರಡು ಸೀಸನ್ನಿಗಾಗಿ ಒಂದು ಎಣ್ಣೆ ಮಿಲ್ಲು ಹನ್ನೊಂದು ಜನರನ್ನು ಕಟ್ಟಿಕೊಂಡು ಊರೂರು ತಿರುಗಿತು. ಒಳ್ಳೆಯ ಆಟಗಾರರು ಆಗಲೇ ಚದುರಿದ್ದರು. ಅಸಲಿ ಗೋಲ್‌ಕೀಪರ್ ಹಿರಿಯೂರಿನಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ. ನನ್ನ ಹರಕೆ ಕಡೆಗೂ ಕೈಕೊಟ್ಟಿತು. ಪಾಲಾಕ್ಷ ಈಗ ಎಡಗಾಲಿನ ಆಟಗಾರ. ಓಡುತ್ತಿರಲಿಲ್ಲ, ಮೈದಾನದ ನಡುವೆ ನಡೆಯುತ್ತ, ಕತ್ತು ಬಗ್ಗಿಸಿ, ಚೆಂಡು ಬಂದಾಗ ಎಡಗಾಲಿನಲ್ಲಿ ಒಂದು ಸಲ ಒತ್ತಿ ಬಿಡುತ್ತಿದ್ದ. ಅದು ಹೋಗಬೇಕಾದವನ ಕಾಲಿಗೆ ಹೋಗುತ್ತಿತ್ತು. ಹೋಗಬೇಕಾದವನು ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಬೀಡಿಯ ಯೋಚನೆಯಲ್ಲಿರುತ್ತಿದ್ದದ್ದು ಬೇರೆ ಮಾತು. ಪ್ರೇಕ್ಷಕರು ನಗುತ್ತಿದ್ದರು. “ಏ ಕಾಕಾ, ಮನೀಗ್ ನಡಿ,” ಎಂದು ಕೂಗುತ್ತಿದ್ದರು. ನನಗೆ ಕೂಗುತ್ತಿದ್ದುದನ್ನು ಇಲ್ಲಿ ಬರೆಯುವಂತಿಲ್ಲ.

ಏಳನೆಯ ಸೀಸನ್ನಿನ ಕೊನೆಯ ಪಂದ್ಯ ಅದೇ ರಾಂಪುರದಲ್ಲಿ. ಅರ್ಧ ಆಟಕ್ಕೆ ಮೊದಲೇ ನನ್ನನ್ನು ದಾಟಿ ಚೆಂಡು ನಾಲ್ಕು ಸಲ ಒಳಗೆ ಹೋಗಿತ್ತು. ಒಮ್ಮೆಯಂತೂ ನಾನು ಸರಿಯಾದ ಕಡೆಗೇ ಹಾರಿದ್ದೆ, ಆದರೆ ಚೆಂಡು ಹೋದ ಮೇಲೆ. ಆಟ ಮುಗಿಯುವ ಹೊತ್ತಿಗೆ ನಮಗೊಂದು ಪೆನಾಲ್ಟಿ ಸಿಕ್ಕಿತು. ಬೋರಣ್ಣ ಚೆಂಡನ್ನು ತಂದು ಪಾಲಾಕ್ಷನ ಮುಂದಿಟ್ಟ. ಎಡಗಾಲಿನವನೆಂದು ಲೆಕ್ಕ ಹಾಕಿ ಎದುರಾಳಿಯ ಗೋಲ್‌ಕೀಪರ್ ಒಂದು ಪಕ್ಕಕ್ಕೆ ಮೈ ಸಿದ್ಧಮಾಡಿಕೊಂಡ. ಪಾಲಾಕ್ಷ ಕುಂಟುತ್ತ ಬಂದು, ಎಡಗಾಲು ಊರಿ, ಬಲಗಾಲಿನಿಂದ ಒದ್ದ. ಗೋಲ್‌ಕೀಪರ್ ಹಾರಿ ಬಿದ್ದು, ಬಿದ್ದಲ್ಲಿಂದಲೇ ನೋಡುತ್ತಿರಲು ಚೆಂಡು ತೀರ ನಿಧಾನವಾಗಿ, ಸಂತೆಯಿಂದ ಮರಳುವ ಮುದುಕಿಯಂತೆ ಅಲ್ಲಲ್ಲಿ ನಿಂತು ಯೋಚಿಸುತ್ತ, ಗೆರೆ ದಾಟಿತು. ಜನ ನಕ್ಕರು. ಆಮೇಲೆ ಯಾಕೋ ಚಪ್ಪಾಳೆ ಹೊಡೆದರು.

“ಆ ಕಾಲ್ನಾಗ್ಯಾಕಲೇ ಒದ್ದೆ?” ಎಂದು ಸಿಟ್ಟಿನಿಂದಲೇ ಕೇಳಿದ ಬೋರಣ್ಣ.

“ಸಹಿ ಹಾಕಿದ್ದು ಅದೇ ಅಲ್ವೇನು?” ಎಂದ ಪಾಲಾಕ್ಷ.

ಕೊನೆಯ ಶೇಂಗಾ ಚೀಲ ತೂಗಿದ ಮರುದಿನ ಅವನು ಮತ್ತೆ ಇಸ್ತ್ರಿಯ ಅಂಗಿ ತೊಟ್ಟು, ತಟ್ಟೆಯಲ್ಲಿ ಎಲೆ ಅಡಿಕೆ ಕಾಯಿ ಇಟ್ಟುಕೊಂಡು ಜಗಲಿಗೆ ಬಂದ. ಮರುಳಪ್ಪನವರು ತಟ್ಟೆ ನೋಡಿದರು.

“ಯಾರ ಮದ್ವೆನೋ?”

ಅದು ತಮಾಷೆಯೋ, ಮಸುಕಾಗುತ್ತಿದ್ದ ನೆನಪಿನ ಆಟವೋ ನನಗೆ ತಿಳಿಯಲಿಲ್ಲ.

“ಏಳನೇದು ಮುಗೀತ್ರಿ,” ಎಂದ ಪಾಲಾಕ್ಷ.

ಮುದುಕರು ಸರಿಯಾದ ಕೈಯಿಂದ ತಟ್ಟೆ ಮುಟ್ಟಿದರು. ಅವನ ಊರಿನ ಮಾತನ್ನು ಹುಡುಕಿ ತೆಗೆದವರಂತೆ, “ಇನ್ನೊಂದು ಕೆಚ್ಚಾನೇನೋ?” ಎಂದರು.

“ಕೆಚ್ಚಾಕೆ ಹಳೇದ್ರ ತುದಿ ಉಳಿದಿರ್ಬೇಕಲ್ರಿ,” ಎಂದ ಪಾಲಾಕ್ಷ. “ಉಳಿದಿಲ್ಲ. ಪೂರ್ತಿ ನೇಯ್ದುಬಿಟ್ಟೆ.”

ಆ ಸಂಜೆ ನಾವು ಹೋಟೆಲಿನ ಬೆಂಚಿನಲ್ಲಿ ಕೂತೆವು. ಟೀ ಬಂತು. ಗ್ಲಾಸಿನಲ್ಲಿ ಅಲೆಯಿರಲಿಲ್ಲ. ಅಷ್ಟು ವರ್ಷ ಯಾವುದನ್ನು ಶಪಿಸಿದ್ದೆನೋ ಅದು ನಿಂತಾಗ ನನಗೆ ಭಯವಾಯಿತು. ಬೋರಣ್ಣನೂ ಗ್ಲಾಸನ್ನೇ ನೋಡುತ್ತಿದ್ದ, ಹಾಸ್ಯ ಮಾಡಲಿಲ್ಲ. ಬಿಡುಗಡೆಯಾದ ಮನುಷ್ಯ ಬಸ್ ನಿಲ್ದಾಣದ ಕಡೆ ಒಮ್ಮೆ ನೋಡಿದ, ಫಲಕ ಓದಲು ಏಳಲಿಲ್ಲ. ಮೊಳಕಾಲ್ಮೂರಿನ ಬಸ್ಸು ಹಾರನ್ ಹಾಕಿದಾಗ ಬೆಂಚು ಒಮ್ಮೆ ಅದುರಿತು. ಬಗ್ಗಿ ನೋಡಿದೆ: ಎಡಗಾಲು. ಒತ್ತು, ಬಿಡು, ಒತ್ತು, ಬಿಡು.

“ಬರ್ತೀನಿ,” ಎಂದು ಎದ್ದ.

ತಂಡ ಆ ವಾರವೇ ಮುಗಿಯಿತು. ನಾನೀಗ ಬೇರೊಂದು ಮಿಲ್ಲಿನಲ್ಲಿ ತೂಗುತ್ತೇನೆ. ನನ್ನ ಒಪ್ಪಂದ ಈಗ ವಾರಕ್ಕೊಮ್ಮೆ ಹುಟ್ಟುವಷ್ಟು ಬೆಳೆದಿದೆ. ಲಾರಿಗಳು ಬರದ ಮಧ್ಯಾಹ್ನಗಳಲ್ಲಿ ಪಾಲಾಕ್ಷನ ಬಗ್ಗೆ ಯೋಚಿಸುತ್ತೇನೆ. ಸಹಿ ಹಾಕಿದವನು ಇಪ್ಪತ್ತೆರಡರ ಒಬ್ಬ ಹುಡುಗ, ಕಾಲಿನಲ್ಲಿ ಬಿರುಗಾಳಿ ಇದ್ದವನು. ಅವನು ತನ್ನನ್ನು ಮಾರಿಕೊಳ್ಳಲಿಲ್ಲ. ತಾನಿನ್ನೂ ಕಂಡಿರದ, ಮೂವತ್ತು ದಾಟಿದ, ಮೊಣಕಾಲು ಹರಿದ ಇನ್ನೊಬ್ಬನನ್ನು ಅವನ ಒಪ್ಪಿಗೆ ಕೇಳದೆ ಮಾರಿದ. ಕೊಂಡವರೂ ಹಾಗೆಯೇ, ಮಣ್ಣಿನೊಳಗಿನ ಕಾಯಿಯನ್ನು ಕಾಣದೆ ಕೊಂಡರು. ಉದ್ದನೆಯ ಮಾತುಗಳೆಲ್ಲ ಹೀಗೆ ಅಪರಿಚಿತರ ತಲೆಯ ಮೇಲೆ ಹೊರಿಸಿದ ಹೊರೆಗಳು. ಹೊತ್ತುಕೊಂಡವರಲ್ಲಿ ಹೆಚ್ಚಿನವರು, ಹೇಳಿದವನು ನಾನಲ್ಲ ಎಂದು ಸುಲಭವಾಗಿ ಇಳಿಸಿ ಹೋಗುತ್ತೇವೆ, ಅದರಲ್ಲಿ ಸುಳ್ಳೂ ಇಲ್ಲ. ಎಲ್ಲೋ ಕೆಲವರು ಮಾತ್ರ ಆ ಎಳೆಯ ಹುಡುಗನ ಮೇಲೆ ಸಿಟ್ಟಾಗುತ್ತ, ಅವನನ್ನು ಬಿಟ್ಟುಕೊಡಲೂ ಆಗದೆ, ಕುಂಟುತ್ತ ಬಂದು ಅವನ ಪಾಲಿನ ಚೆಂಡನ್ನು ಅವನದೇ ಕಾಲಿನಲ್ಲಿ ಒದ್ದು ಹೋಗುತ್ತಾರೆ. ಅಂಥವರ ಪಕ್ಕ ಕೂತವರಿಗೆ ನೆಮ್ಮದಿಯಾಗಿ ಟೀ ಕುಡಿಯಲು ಸಾಧ್ಯವಿಲ್ಲ. ಅವರು ಎದ್ದು ಹೋದ ಮೇಲೆ ಬೆಂಚಿನಲ್ಲಿ ಬರುವ ನೆಮ್ಮದಿಯಲ್ಲಿ ಕುಡಿದ ಟೀಗೆ ರುಚಿಯೂ ಇರುವುದಿಲ್ಲ.